ಔಷಧದೋಷವೂ ಸಂಶಯದ ಧರ್ಮವೂ

ಮನುಷ್ಯನಿಂದ ಆಗುವ ಕೇಡುಗಳಲ್ಲಿ ಎರಡು ಬಗೆ. ದ್ವೇಷದಿಂದ ಮಾಡಿದ ಕೇಡು ಒಂದು. ಹಿತವನ್ನು ಮಾಡಹೋಗಿ ಆದ ಕೇಡು ಇನ್ನೊಂದು. ಮೊದಲನೆಯದನ್ನು ಕುರಿತು ಧರ್ಮಶಾಸ್ತ್ರಗಳೂ ನ್ಯಾಯಾಲಯಗಳೂ ಸಾಕಷ್ಟು ಹೇಳಿರುವವು. ಕೇಡು ಮಾಡಿದವನು ಯಾರು, ಅವನ ಉದ್ದೇಶವೇನು, ಅವನಿಗೆ ತಕ್ಕ ದಂಡನೆ ಯಾವದು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವು ದೊರೆಯುವದು. ಎರಡನೆಯದಾದರೋ ಕಠಿಣವಾದದ್ದು. ಅಲ್ಲಿ ಉದ್ದೇಶವು ಶುದ್ಧವಾಗಿರುತ್ತದೆ, ಪ್ರಯತ್ನವೂ ಶಾಸ್ತ್ರಸಮ್ಮತವಾಗಿರುತ್ತದೆ. ಆದರೂ ಫಲವು ವಿಪರೀತವಾಗುತ್ತದೆ. ಮೇಲಾಗಿ ಕೇಡು ಆ ಪ್ರಯತ್ನದಿಂದಲೇ ಆಯಿತೋ, ಬೇರೆ ಕಾರಣದಿಂದ ಆಯಿತೋ ಎಂಬದು ಒಮ್ಮೊಮ್ಮೆ ನಿಶ್ಚಯವಾಗುವದಿಲ್ಲ. ಬರಿಯ ಸಂಶಯವಷ್ಟೇ ಇರುವಾಗ ಅದನ್ನು ಬಾಯಿಬಿಟ್ಟು ಹೇಳುವದು ಧರ್ಮವೋ, ನಿಶ್ಚಯವಾಗುವ ತನಕ ಸುಮ್ಮನಿರುವದು ಧರ್ಮವೋ? ಈ ಪ್ರಶ್ನೆಯು ಬಹು ತೀವ್ರವಾಗಿ ಎದುರಾಗುವದು ಔಷಧದ ವಿಷಯದಲ್ಲಿ.

ಔಷಧವು ಕೇಡನ್ನೂ ಮಾಡಬಲ್ಲದೆಂಬ ಮಾತು ಹೊಸದಲ್ಲ. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಲ್ಪಟ್ಟರೆ ಔಷಧವಾಗುವದೆಂದೂ, ಔಷಧವೂ ಯುಕ್ತಿ ತಪ್ಪಿದರೆ ವಿಷವಾಗುವದೆಂದೂ ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದ ಅಭಿಪ್ರಾಯವಾಗಿದೆ. ಅದೇ ಗ್ರಂಥದ ಸಿದ್ಧಿಸ್ಥಾನದಲ್ಲಿ ವಮನ ವಿರೇಚನಗಳಿಂದ ಉಂಟಾಗುವ ಹತ್ತು ಕೇಡುಗಳನ್ನು ಎಣಿಸಿ, ಅವುಗಳಿಗೆ ‘ವ್ಯಾಪತ್ತು’ ಎಂಬ ಹೆಸರನ್ನಿಟ್ಟು, ಪರಿಹಾರವನ್ನೂ ವಿವರಿಸಲಾಗಿದೆ. ತಮ್ಮ ಚಿಕಿತ್ಸೆಯಿಂದಲೇ ಆಗಬಹುದಾದ ಕೇಡಿಗೆ ಒಂದು ಅಧ್ಯಾಯವನ್ನು ಮೀಸಲಿಡುವ ಧೈರ್ಯವು ಆ ಪ್ರಾಚೀನ ವೈದ್ಯರಿಗೆ ಇದ್ದಿತು. ಇಂದಿನ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಔಷಧದ ಪ್ರತಿಕೂಲ ಪರಿಣಾಮವೆನ್ನುವರು. ಅದನ್ನು ಗುರುತಿಸಿ, ತೂಗಿ, ತಡೆಯುವ ಶಾಸ್ತ್ರಕ್ಕೆ ‘ಫಾರ್ಮಕೋವಿಜಿಲನ್ಸ್’, ಅಂದರೆ ಔಷಧಜಾಗರೂಕತೆ, ಎಂಬ ಹೆಸರು ರೂಢವಾಗಿದೆ.

ವಿಜಯಪುರ ನಗರಕ್ಕೆ ವೈದ್ಯವಿಚಾರವು ಅಪರಿಚಿತವಾದದ್ದಲ್ಲ. ಎರಡನೆಯ ಇಬ್ರಾಹಿಮ ಆದಿಲಶಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಸ್ತನು ಭಾರತೀಯ ವೈದ್ಯವನ್ನು ಕುರಿತು ಫಾರಸೀ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದನು. ಇತ್ತೀಚಿನ ಕಾಲದಲ್ಲಿ 1984ರಲ್ಲಿ ಅಲ್-ಅಮೀನ ವೈದ್ಯಕೀಯ ಮಹಾವಿದ್ಯಾಲಯವೂ, 1986ರಲ್ಲಿ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿ ಆರಂಭವಾದವು. ಎರಡನೆಯದನ್ನು ನಡೆಸುವ ಬಿ.ಎಲ್.ಡಿ.ಇ. ಸಂಸ್ಥೆಯು 1910ರಲ್ಲಿ ವಚನಪಿತಾಮಹರೆನಿಸಿದ ಫ. ಗು. ಹಳಕಟ್ಟಿಯವರ ಪ್ರಯತ್ನದಿಂದ ಹುಟ್ಟಿದ್ದು. ತಿಕೋಟಾದ ದ್ರಾಕ್ಷಿಯ ತೋಟಗಾರರೂ, ಬಬಲೇಶ್ವರದ ಸುತ್ತಲಿನ ಹೊಲಗಳ ಕೂಲಿಕಾರರೂ ಬೇನೆ ಬಲವಾದಾಗ ಈ ನಗರದ ದವಾಖಾನೆಗಳಿಗೆ ಬರುವರು. ಬರುವಾಗ ಅವರ ಕೈಯಲ್ಲೊಂದು ಚೀಲವಿರುತ್ತದೆ. ಅದರಲ್ಲಿ ಊರಿನ ವೈದ್ಯರು ಕೊಟ್ಟ ಗುಳಿಗೆಗಳು, ಔಷಧದಂಗಡಿಯವನು ಚೀಟಿಯಿಲ್ಲದೆ ಕೊಟ್ಟ ಗುಳಿಗೆಗಳು, ನೆರೆಮನೆಯವರು ತಮಗೆ ಗುಣವಾಯಿತೆಂದು ಕೊಟ್ಟ ಗುಳಿಗೆಗಳು ಎಲ್ಲವೂ ಕೂಡಿರುತ್ತವೆ. ಔಷಧಸುರಕ್ಷೆಯನ್ನು ಕುರಿತು ಶೋಧನೆ ಮಾಡುವ ವಿದ್ವಾಂಸನಿಗೆ ಆ ಚೀಲವೇ ಮೊದಲನೆಯ ಗ್ರಂಥ.

ದೃಷ್ಟಾಂತವೊಂದನ್ನು ಕಲ್ಪಿಸಬಹುದು. ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯ ಬಡ ಹೆಣ್ಣುಮಗಳಿಗೆ ಮೂರ್ಛೆಯ ಬೇನೆ. ವೈದ್ಯರು ಪರೀಕ್ಷಿಸಿ ಕಾರ್ಬಮಜೆಪಿನ್ ಎಂಬ ಗುಳಿಗೆಯನ್ನು ಬರೆದುಕೊಟ್ಟು, ಒಂದು ದಿನವೂ ತಪ್ಪಿಸಕೂಡದೆಂದು ಎಚ್ಚರಿಸುವರು. ಅದು ಒಳ್ಳೆಯ ಔಷಧವೇ ಸರಿ. ಜಗತ್ತಿನಲ್ಲಿ ಲಕ್ಷಾಂತರ ಜನರು ಅದರಿಂದ ಮೂರ್ಛೆಯ ಭಯವಿಲ್ಲದೆ ಬಾಳುತ್ತಿರುವರು. ಈಕೆಗೂ ಮೂರ್ಛೆಯು ನಿಲ್ಲುವದು. ಆದರೆ ಮೂರನೆಯ ವಾರದಲ್ಲಿ ಜ್ವರವು ಬಂದು, ಬಾಯೊಳಗೆ ಹುಣ್ಣಾಗಿ, ಕಣ್ಣು ಕೆಂಪಡರಿ, ಮೈಮೇಲೆ ಬೊಬ್ಬೆಗಳೇಳುವವು. ಅತ್ತೆಯು ಅದನ್ನು ಕಂಡು, “ದೇವಿ ಬಂದಾಳ, ಬಾಗಿಲಿಗೆ ಬೇವಿನ ತಪ್ಪಲಾ ಕಟ್ಟ್ರಿ” ಎನ್ನುವಳು. ಬೇವು ಕಟ್ಟಲ್ಪಡುವದು, ಗುಳಿಗೆಯೂ ನಡೆದಿರುವದು. ಮೈಯ ತೊಗಲು ಸುಲಿಯಲಾರಂಭಿಸಿದ ಮೇಲೆ ಆಕೆಯನ್ನು ವಿಜಯಪುರಕ್ಕೆ ತರುವರು. “ಏನ್ ಗುಳಿಗಿ ತಗೊಂತಿದ್ದಿ ತಂಗಿ?” ಎಂದು ವೈದ್ಯರು ಕೇಳಿದರೆ ಆಕೆಯು ಕ್ಷೀಣಸ್ವರದಿಂದ, “ಫಿಟ್ಸಿನ ಗುಳಿಗಿರಿ ಸಾಹೇಬ್ರ, ಒಂದ್ ದಿನಾನೂ ತಪ್ಪಿಸಿಲ್ರಿ” ಎನ್ನುವಳು.

ಇಲ್ಲಿ ತಪ್ಪು ಯಾರದು? ಬರೆದುಕೊಟ್ಟ ವೈದ್ಯರು ಶಾಸ್ತ್ರದಂತೆ ನಡೆದರು. ಆ ಹೆಣ್ಣುಮಗಳು ವೈದ್ಯರ ಮಾತಿನಂತೆ ನಡೆದಳು. ಅತ್ತೆಯು ತನ್ನ ತಿಳಿವಳಿಕೆಯಂತೆ ಸೊಸೆಯ ಹಿತವನ್ನೇ ಬಯಸಿದಳು. ಇಷ್ಟು ಜನರ ಒಳ್ಳೆಯತನವೂ ಆಕೆಯ ತೊಗಲನ್ನು ಉಳಿಸಲಾರದೆ ಹೋಯಿತು. ಸ್ಟೀವನ್ಸ್-ಜಾನ್ಸನ್ ಎಂಬಿಬ್ಬರ ಹೆಸರಿನಿಂದ ಕರೆಯಲ್ಪಡುವ ಈ ಬೇನೆಯು ಪ್ರಾಣಾಂತಿಕವಾಗಬಲ್ಲದು. ದವಾಖಾನೆಯಲ್ಲಿ ಗುಳಿಗೆಯನ್ನು ತಕ್ಷಣ ನಿಲ್ಲಿಸಿ, ಉಪಚಾರ ಮಾಡಿ, ಆಕೆಯನ್ನು ಬದುಕಿಸಿದರೆಂದೇ ಇಟ್ಟುಕೊಳ್ಳಬಹುದು. ಅಲ್ಲಿಗೆ ವೈದ್ಯಧರ್ಮವು ಮುಗಿಯಿತೇ? ಮುಗಿಯಲಿಲ್ಲ. ಉಪಚಾರವು ಆ ಹೆಣ್ಣುಮಗಳಿಗೆ ಸಲ್ಲಬೇಕಾದ ಋಣ. ಅದೇ ಗುಳಿಗೆಯನ್ನು ನಾಳೆ ನುಂಗಲಿರುವ, ವೈದ್ಯರು ಎಂದೂ ಕಾಣದಿರುವ ಬೇರೆಯವರಿಗೆ ಸಲ್ಲಬೇಕಾದ ಇನ್ನೊಂದು ಋಣವಿದೆ. ಆದದ್ದನ್ನು ಬರೆದು ತಿಳಿಸುವದೇ ಆ ಋಣ. 2004ರಲ್ಲಿ ತೈವಾನದ ಶೋಧಕರು ಒಂದು ವಿಶಿಷ್ಟ ಆನುವಂಶಿಕ ಲಕ್ಷಣವುಳ್ಳವರಿಗೆ ಈ ಗುಳಿಗೆಯಿಂದ ಈ ಕೇಡು ಬರುವ ಸಂಭವವು ಬಹಳ ಹೆಚ್ಚೆಂದು ತೋರಿಸಿದರು. ಅಂದಿನಿಂದ ಏಷ್ಯಾದ ಕೆಲವು ದೇಶಗಳಲ್ಲಿ ಗುಳಿಗೆಯನ್ನು ಕೊಡುವ ಮುಂಚೆ ರಕ್ತವನ್ನು ಪರೀಕ್ಷಿಸುವ ಪದ್ಧತಿಯು ಬಂದಿತು. ಹಿಂದಿನ ವೈದ್ಯರು ತಾವು ಕಂಡ ಒಂದೊಂದು ಪ್ರಕರಣವನ್ನೂ ಬರೆದಿಡದಿದ್ದರೆ ಆ ಶೋಧಕರಿಗೆ ಹುಡುಕತಕ್ಕದ್ದು ಇದೆಯೆಂಬದೇ ತಿಳಿಯುತ್ತಿದ್ದಿಲ್ಲ.

ಔಷಧವನ್ನು ಮಾರಾಟಕ್ಕೆ ಬಿಡುವ ಮುಂಚೆಯೇ ಪರೀಕ್ಷಿಸಿರುವದಿಲ್ಲವೇ ಎಂದು ವಾಚಕರು ಕೇಳಬಹುದು. ಪರೀಕ್ಷಿಸಿರುತ್ತಾರೆ, ಆದರೆ ಆ ಪರೀಕ್ಷೆಗೆ ಒಂದು ಎಲ್ಲೆಯಿದೆ. ಹೊಸ ಔಷಧವನ್ನು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಜನರ ಮೇಲೆ ಪ್ರಯೋಗಿಸಿ ನೋಡುವರು. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುವ ಕೇಡನ್ನು ಒಂದು ಸಲವಾದರೂ ಕಾಣಬೇಕಾದರೆ ಸುಮಾರು 30,000 ಜನರನ್ನು ಪರೀಕ್ಷಿಸಬೇಕೆಂದು ಗಣಿತವು ಹೇಳುತ್ತದೆ. ಅಷ್ಟು ಮಾಡಿದರೂ ನೂರಕ್ಕೆ ಐದು ಸಲ ಅದು ಕಣ್ಣು ತಪ್ಪಿಸುವದು. ಮೇಲಾಗಿ ಪ್ರಯೋಗದಲ್ಲಿ ಗರ್ಭಿಣಿಯರೂ, ಮುಪ್ಪಿನವರೂ, ನಾಲ್ಕು ಬೇನೆಗಳಿಗೆ ಎಂಟು ಗುಳಿಗೆಗಳನ್ನು ನುಂಗುವವರೂ ಹೆಚ್ಚಾಗಿ ಇರುವದಿಲ್ಲ. ಆದಕಾರಣ ಔಷಧದ ನಿಜವಾದ ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ಮುಗಿಯದೆ ಊರೂರಿನ ಮನೆಗಳಲ್ಲಿ ಮುಂದುವರಿಯುವದು. ಜನರು ತಾವರಿಯದೆಯೇ ಆ ಪರೀಕ್ಷೆಗೆ ಒಳಗಾಗಿರುವಾಗ, ಅದರ ಫಲವನ್ನು ಬರೆದಿಡದಿರುವದು ಅವರು ಪಟ್ಟ ಕಷ್ಟವನ್ನು ವ್ಯರ್ಥಗೊಳಿಸಿದಂತೆಯೇ ಸರಿ.

ಆದರೆ ಬರೆಯುವದೇನನ್ನು? ಇಲ್ಲಿ ತರ್ಕಶಾಸ್ತ್ರದ ತೊಡಕು ಎದುರಾಗುವದು. ಕಾಗೆಯು ಬಂದು ಕೂಡುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸಮಯವು ಒಂದೇ ಆದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನಲಾಗದು. ಗುಳಿಗೆಯ ತರುವಾಯ ಬೊಬ್ಬೆ ಬಂದವೆಂಬುದರಿಂದ ಗುಳಿಗೆಯಿಂದಲೇ ಬೊಬ್ಬೆ ಬಂದವೆಂದು ಸಿದ್ಧವಾಗಲಿಲ್ಲ. ಅದಕ್ಕಾಗಿಯೇ ನೈಯಾಯಿಕರು ಅನ್ವಯ ವ್ಯತಿರೇಕಗಳನ್ನು ಹೇಳಿದರು: ಅದು ಇದ್ದಾಗ ಇದು ಇರುವದು, ಅದು ಇಲ್ಲದಾಗ ಇದು ಇಲ್ಲದಿರುವದು. ಇಂದಿನ ಔಷಧಶೋಧಕರು ಕೇಳುವ ಪ್ರಶ್ನೆಗಳೂ ಇವೇ. 1981ರಲ್ಲಿ ಕೆನಡಾದ ಟೊರಾಂಟೋದಲ್ಲಿ ನರಾಂಜೋ ಮತ್ತು ಅವನ ಸಂಗಡಿಗರು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಮಾಡಿದರು. ಔಷಧವನ್ನು ಕೊಟ್ಟ ಮೇಲೆಯೇ ಕೇಡು ಕಾಣಿಸಿತೇ, ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ, ಪುನಃ ಕೊಟ್ಟಾಗ ಮರಳಿ ಬಂದಿತೇ, ಬೇರೆ ಕಾರಣವೇನಾದರೂ ಇರಬಹುದೇ ಎಂದು ಮೊದಲಾಗಿ ಕೇಳಿ, ಉತ್ತರಗಳಿಗೆ ಅಂಕಗಳನ್ನು ಕೊಟ್ಟು, ಒಂಬತ್ತು ಅಥವಾ ಹೆಚ್ಚು ಬಂದರೆ ನಿಶ್ಚಿತ, ಐದರಿಂದ ಎಂಟಾದರೆ ಸಂಭವನೀಯ, ಒಂದರಿಂದ ನಾಲ್ಕಾದರೆ ಶಕ್ಯ, ಅದಕ್ಕೂ ಕಡಿಮೆಯಾದರೆ ಸಂದೇಹಾಸ್ಪದವೆಂದು ವಿಭಾಗಿಸುವರು. ಇದರಲ್ಲಿಯೂ ನೀತಿಯ ಒಂದು ಮಿತಿಯಿದೆಯೆಂಬದನ್ನು ಗಮನಿಸತಕ್ಕದ್ದು. ಬಬಲೇಶ್ವರದ ಹೆಣ್ಣುಮಗಳಿಗೆ ಅದೇ ಗುಳಿಗೆಯನ್ನು ಪುನಃ ಕೊಟ್ಟು ನೋಡಿದರೆ ಸಂಶಯವು ನಿವಾರಣೆಯಾಗುವದು; ಆದರೆ ಆಕೆಯು ಸಾಯಬಹುದು. ಆದ್ದರಿಂದ ಪೂರ್ಣ ನಿಶ್ಚಯವನ್ನು ಬಯಸುವದೇ ಇಲ್ಲಿ ಅಧರ್ಮವಾಗುವದು. ಶೋಧಕನು ಕೊರತೆಯುಳ್ಳ ಜ್ಞಾನದಿಂದಲೇ ತೃಪ್ತನಾಗಬೇಕು. ಆ ಕೊರತೆಯನ್ನು ಮುಚ್ಚಿಡದೆ ಹೇಳಲೂ ಬೇಕು.

ಇದಕ್ಕೆ ಪೂರ್ವಪಕ್ಷವು ಬಲವಾಗಿಯೇ ಇದೆ. ನಿಶ್ಚಯವಿಲ್ಲದ ದೋಷವನ್ನು ಹೇಳುವದು ಅಪವಾದವೆಂದು ಒಂದು ಆಕ್ಷೇಪ. ಒಬ್ಬ ಮನುಷ್ಯನ ಮೇಲೆ ಬರಿಯ ಸಂಶಯದಿಂದ ಕಳವಿನ ಆರೋಪ ಹೊರಿಸುವದು ಪಾಪವಾದರೆ, ಸಾವಿರಾರು ಜನರಿಗೆ ಉಪಕಾರಿಯಾದ ಔಷಧದ ಮೇಲೆ ಆರೋಪ ಹೊರಿಸುವದೂ ಪಾಪವಲ್ಲವೇ? ಜನರ ಶ್ರದ್ಧೆಯು ಕೆಡುವದೆಂಬದು ಎರಡನೆಯ ಆಕ್ಷೇಪ. ಔಷಧದಿಂದ ಕೇಡಾಗುವದೆಂದು ಕೇಳಿದ ಹಳ್ಳಿಗನು ಕ್ಷಯದ ಗುಳಿಗೆಯನ್ನೂ ರಕ್ತದೊತ್ತಡದ ಗುಳಿಗೆಯನ್ನೂ ಒಟ್ಟಿಗೆ ತಿಪ್ಪೆಗೆ ಎಸೆದಾನು. ಈ ಎರಡೂ ಆಕ್ಷೇಪಗಳು ಹಗುರವಾದವುಗಳಲ್ಲ. ಆದರೆ ಮೌನದ ಬೆಲೆಯೆಷ್ಟೆಂಬದನ್ನೂ ತಕ್ಕಡಿಯ ಇನ್ನೊಂದು ಪರಡಿಯಲ್ಲಿಟ್ಟು ನೋಡಬೇಕು.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯು ಮಾರಾಟಕ್ಕೆ ಬಂದಿತು. ಅತ್ಯಂತ ನಿರಪಾಯಕರವೆಂದು ಅದರ ಪ್ರಖ್ಯಾತಿ. ಬಸಿರಿನ ವಾಂತಿಗೂ ಅದನ್ನು ಕೊಡುತ್ತಿದ್ದರು. 1960ರ ಡಿಸೆಂಬರ ಕೊನೆಯಲ್ಲಿ ಸ್ಕಾಟ್ಲಂಡಿನ ಲೆಸ್ಲಿ ಫ್ಲಾರೆನ್ಸ್ ಎಂಬ ಸಾಮಾನ್ಯ ವೈದ್ಯರು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗೆ ಒಂದು ಚಿಕ್ಕ ಪತ್ರವನ್ನು ಬರೆದರು. ತಮ್ಮ ಕೆಲವು ರೋಗಿಗಳಿಗೆ ಬಹುಕಾಲ ಈ ಗುಳಿಗೆಯನ್ನು ಕೊಟ್ಟ ಮೇಲೆ ಕೈಕಾಲುಗಳು ಜೋಮು ಹಿಡಿದವೆಂದೂ, ಇದಕ್ಕೆ ಗುಳಿಗೆಯೇ ಕಾರಣವಾಗಿರಬಹುದೇ ಎಂದೂ ಕೇಳಿದರು. ಅವರು ತೀರ್ಪು ಕೊಡಲಿಲ್ಲ, ಪ್ರಶ್ನೆಯನ್ನಷ್ಟೇ ಮಾಡಿದರು. ಆ ಪತ್ರವನ್ನು ಅಮೇರಿಕದ ಔಷಧ ನಿಯಂತ್ರಣ ಇಲಾಖೆಯಲ್ಲಿ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯು ಓದಿದರು. ಅವರ ಮೇಜಿನ ಮೇಲೆ ಈ ಗುಳಿಗೆಯ ಮಾರಾಟಕ್ಕೆ ಅನುಮತಿ ಬೇಡುವ ಅರ್ಜಿಯಿದ್ದಿತು. ಕಂಪನಿಯವರು ಮೇಲಿಂದ ಮೇಲೆ ಒತ್ತಾಯಿಸಿದರೂ ನಿರಪಾಯಕರವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅವರು ಅನುಮತಿಯನ್ನು ಕೊಡಲಿಲ್ಲ. ಅಷ್ಟರಲ್ಲಿ 1961ರ ನವೆಂಬರದಲ್ಲಿ ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಎಂಬ ಮಕ್ಕಳ ವೈದ್ಯರೂ, ಡಿಸೆಂಬರದಲ್ಲಿ ಆಸ್ಟ್ರೇಲಿಯದ ವಿಲಿಯಂ ಮ್ಯಾಕ್‌ಬ್ರೈಡ್ ಎಂಬ ಹೆರಿಗೆಯ ವೈದ್ಯನೂ ಕೈಕಾಲುಗಳಿಲ್ಲದ ಕೂಸುಗಳ ಜನನಕ್ಕೂ ಈ ಗುಳಿಗೆಗೂ ಸಂಬಂಧವಿರಬೇಕೆಂದು ಸಾರಿದರು. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಕೂಸುಗಳು ಅಂಗಹೀನವಾಗಿ ಹುಟ್ಟಿದವು. ಅಮೇರಿಕದಲ್ಲಿ ಮಾತ್ರ ಗುಳಿಗೆಯು ಮಾರಾಟಕ್ಕೆ ಬಾರದೆ ಹೋದದ್ದರಿಂದ ಅಲ್ಲಿಯ ತಾಯಂದಿರು ಬಹುಮಟ್ಟಿಗೆ ಪಾರಾದರು. ಒಬ್ಬ ಹಳ್ಳಿಯ ವೈದ್ಯರು ಬರೆದ ಜೋಮಿನ ಸಂಶಯವು ಸಮುದ್ರದಾಚೆಯ ಕೂಸುಗಳ ಕೈಕಾಲುಗಳನ್ನು ಉಳಿಸುವದಕ್ಕೆ ನೆರವಾಯಿತು. ತಮ್ಮ ಪತ್ರದಿಂದ ಇಷ್ಟಾಗುವದೆಂದು ಬರೆಯುವಾಗ ಅವರಿಗೆ ತಿಳಿದಿರಲು ಶಕ್ಯವೇ ಇಲ್ಲ. ಋಣವನ್ನು ಸಲ್ಲಿಸುವವನಿಗೆ ಅದು ಯಾರಿಗೆ ಮುಟ್ಟುವದೆಂಬದು ತಿಳಿಯಬೇಕಾದದ್ದೂ ಇಲ್ಲ.

ಇಷ್ಟು ಸ್ಪಷ್ಟವಾದ ಧರ್ಮವನ್ನು ವೈದ್ಯರು ಯಾಕೆ ಆಚರಿಸುವದಿಲ್ಲ? 2006ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೆದು ತಿಳಿಸಬೇಕಾದ ಪ್ರತಿಕೂಲ ಪರಿಣಾಮಗಳಲ್ಲಿ ಸಾಧಾರಣವಾಗಿ ನೂರಕ್ಕೆ 94 ಭಾಗವು ಬರೆಯಲ್ಪಡದೆಯೇ ಹೋಗುವವೆಂದು ತಿಳಿದುಬಂದಿತು. ಥಾಲಿಡೊಮೈಡಿನ ಪಾಠದಿಂದ ಬ್ರಿಟನ್ನಿನಲ್ಲಿ 1964ರಲ್ಲಿ ಹಳದಿ ಕಾರ್ಡಿನ ಮೇಲೆ ಇಂಥ ವರದಿಗಳನ್ನು ಬರೆಯುವ ಪದ್ಧತಿಯು ಆರಂಭವಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಇನ್ಮನ್ ಎಂಬ ವೈದ್ಯರು ಬರೆಯದಿರುವದಕ್ಕೆ ಏಳು ಪಾಪಗಳು ಕಾರಣವೆಂದು ಎಣಿಸಿದರು. ಮಾರಾಟಕ್ಕೆ ಬಂದ ಔಷಧವೆಲ್ಲ ನಿರಪಾಯಕರವೆಂಬ ಸಮಾಧಾನ, ಕೋರ್ಟಿನ ಭಯ, ತನ್ನ ಕೈಯಿಂದ ಕೇಡಾಯಿತೆಂಬ ಅಪರಾಧಭಾವ, ಪ್ರಕರಣಗಳನ್ನು ಕೂಡಹಾಕಿ ತಾನೇ ಪ್ರಸಿದ್ಧಿಪಡಿಸಬೇಕೆಂಬ ಕೀರ್ತಿಯಾಸೆ, ಬರೆಯುವದು ಹೇಗೆಂಬ ಅಜ್ಞಾನ, ಬರಿಯ ಸಂಶಯವನ್ನು ಬರೆದರೆ ನಗೆಪಾಟಲಾದೇನೆಂಬ ಸಂಕೋಚ, ಮತ್ತು ಆಲಸ್ಯ. ಅರಿಷಡ್ವರ್ಗವನ್ನು ಬಾಯಿಪಾಠ ಮಾಡಿದ ದೇಶದವರಿಗೆ ಈ ಪಟ್ಟಿಯು ವಿಚಿತ್ರವೆನಿಸದು. ಆದರೆ ಒಂದು ಭೇದವಿದೆ. ಇವುಗಳಲ್ಲಿ ಅರ್ಧದಷ್ಟು ಪಾಪಗಳು ಕೆಟ್ಟವರವಲ್ಲ, ಒಳ್ಳೆಯವರವು. ಅಪರಾಧಭಾವವು ಬರುವದು ಅಂತಃಕರಣವುಳ್ಳವನಿಗೆ. ಸಂಕೋಚವು ಬರುವದು ವಿನಯಶೀಲನಿಗೆ. ಸದ್ಗುಣಗಳೇ ಮೌನಕ್ಕೆ ಕಾವಲು ನಿಂತಾಗ ಅದನ್ನು ಮುರಿಯುವದು ಬಹು ಕಷ್ಟ.

ಹಾಗಾದರೆ ಸಂಶಯ ಬಂದಾಗಲೆಲ್ಲ ಗಟ್ಟಿಯಾಗಿ ಕೂಗಿ ಹೇಳಿದವನೇ ಧರ್ಮಾತ್ಮನೋ? ಅಲ್ಲ. ಇದಕ್ಕೆ ಮ್ಯಾಕ್‌ಬ್ರೈಡನ ಉತ್ತರಚರಿತ್ರೆಯೇ ಸಾಕ್ಷಿ. 1961ರ ಪತ್ರದಿಂದ ಆತನು ಲೋಕವಿಖ್ಯಾತನಾದನು. ಮುಂದೆ ಬಸಿರಿನ ವಾಂತಿಗೆ ಕೊಡುತ್ತಿದ್ದ ಡೆಬೆಂಡಾಕ್ಸ್ ಎಂಬ ಇನ್ನೊಂದು ಗುಳಿಗೆಯ ಮೇಲೂ ಆತನಿಗೆ ಸಂಶಯ ಹುಟ್ಟಿತು. ಸಂಶಯವು ಹುಟ್ಟಿದ್ದು ತಪ್ಪಲ್ಲ. ಆದರೆ ಅದು ಸಿದ್ಧಾಂತವೇ ಎಂದು ಆತನು ನಂಬಿಬಿಟ್ಟನು. ಆ ಬಗೆಯ ಇನ್ನೊಂದು ದ್ರವ್ಯವನ್ನು ಮೊಲಗಳಿಗೆ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಫಲವು ತನ್ನ ನಂಬಿಕೆಗೆ ಅನುಕೂಲವಾಗದಿದ್ದಾಗ ಅಂಕಿಗಳನ್ನು ತಿದ್ದಿ ಪ್ರಕಟಿಸಿದನು. ಆತನ ಕೈಕೆಳಗಿನ ಶೋಧಕರೇ ಅದನ್ನು ಬಯಲಿಗೆಳೆದರು. 1993ರಲ್ಲಿ ವಿಚಾರಣೆಯು ಮುಗಿದು ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. 1998ರಲ್ಲಿ ಪುನಃ ಸೇರಿಸಿಕೊಂಡರಾದರೂ ಕಳೆದ ಕೀರ್ತಿಯು ಮರಳಲಿಲ್ಲ. ಅತ್ತ ಡೆಬೆಂಡಾಕ್ಸನ್ನು ಅದರ ತಯಾರಕರು ಮೊಕದ್ದಮೆಗಳ ಭಾರದಿಂದ 1983ರಲ್ಲಿ ನಿಲ್ಲಿಸಿಬಿಟ್ಟಿದ್ದರು. ಅದರಿಂದ ಕೂಸುಗಳಿಗೆ ಕೇಡಾಗುವದೆಂಬದು ನಂತರದ ಅಧ್ಯಯನಗಳಿಂದ ಸಿದ್ಧವಾಗಲಿಲ್ಲ. 2013ರಲ್ಲಿ ಅದೇ ಔಷಧಕ್ಕೆ ಬೇರೆ ಹೆಸರಿನಿಂದ ಅಮೇರಿಕದಲ್ಲಿ ಅನುಮತಿಯು ದೊರೆಯಿತು. ನಡುವಿನ ಮೂವತ್ತು ವರ್ಷ ಅಲ್ಲಿಯ ಬಸುರಿಯರು ಒಂದು ಉಪಯುಕ್ತ ಔಷಧಕ್ಕೆ ಎರವಾದರು.

ಒಬ್ಬನೇ ಮನುಷ್ಯನ ಬಾಳಿನಲ್ಲಿ ಧರ್ಮವೂ ಅದರ ವಿಕಾರವೂ ಎರಡೂ ಕಾಣುವವು. ಮೊದಲನೆಯ ಸಲ ಆತನು ಸಂಶಯವನ್ನು ಸಂಶಯವಾಗಿ ಹೇಳಿ, ಉಳಿದ ವೈದ್ಯರೂ ಇಂಥದನ್ನು ಕಂಡಿರುವರೇ ಎಂದು ಕೇಳಿದನು. ಎರಡನೆಯ ಸಲ ಸಂಶಯಕ್ಕೆ ಸತ್ಯದ ವೇಷವನ್ನು ತೊಡಿಸಿದನು. ಗೌತಮನ ನ್ಯಾಯದರ್ಶನದಲ್ಲಿ ಪ್ರಮಾಣ ಪ್ರಮೇಯಗಳ ತರುವಾಯ ಹದಿನಾರು ಪದಾರ್ಥಗಳಲ್ಲಿ ಮೂರನೆಯದಾಗಿ ಸಂಶಯವನ್ನು ಎಣಿಸಿರುವದರ ಔಚಿತ್ಯವು ಇಲ್ಲಿ ತಿಳಿಯುವದು. ಸಂಶಯವಿಲ್ಲದೆ ವಿಚಾರವೇ ಹುಟ್ಟುವದಿಲ್ಲ. ಆದರೆ ನಿರ್ಣಯವೆಂಬದು ಅದೇ ಪಟ್ಟಿಯಲ್ಲಿ ಬಹಳ ಕೆಳಗೆ, ಬೇರೊಂದು ಪದಾರ್ಥವಾಗಿ ಬರುವದು. ಇವೆರಡರ ನಡುವಣ ದಾರಿಯನ್ನು ನಡೆಯದೆ ಹಾರಿದವನು ಸತ್ಯವನ್ನು ತಲುಪಲಾರನು. ಅಪವಾದದ ಆಕ್ಷೇಪಕ್ಕೂ ಇದೇ ಸಮಾಧಾನ. ‘ಇವನು ಕಳ್ಳನು’ ಎನ್ನುವದು ಅಪವಾದ. ‘ಈ ಮನೆಯಲ್ಲಿ ಕಳವಾಗಿದೆ, ಆಗ ಇಂಥಿಂಥವರು ಅಲ್ಲಿದ್ದರು, ವಿಚಾರಿಸಿರಿ’ ಎನ್ನುವದು ಸಾಕ್ಷ್ಯ. ಔಷಧಸುರಕ್ಷೆಯ ವರದಿಯು ಎರಡನೆಯ ಜಾತಿಯದು.

ಕರ್ನಾಟಕವೂ ಈ ಪ್ರಶ್ನೆಯ ಬಿಸಿಯನ್ನು ಅನುಭವಿಸಿದೆ. 2024ರ ನವೆಂಬರದಲ್ಲಿ ಬಳ್ಳಾರಿಯ ಸರಕಾರಿ ದವಾಖಾನೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಕೆಲವು ಬಾಣಂತಿಯರು ಮೂತ್ರಪಿಂಡ ಮೊದಲಾದ ಅಂಗಗಳು ಕೆಟ್ಟು ಮೃತರಾದರು. ಶಿರೆಯ ಮೂಲಕ ಕೊಡುವ ಲವಣದ ದ್ರಾವಣದ ಮೇಲೆ ಸಂಶಯವು ಹೋಗಿ, ಸರಕಾರವು ಅದರ ಬಳಕೆಯನ್ನು ನಿಲ್ಲಿಸಿತು. ಆ ದ್ರಾವಣದ ಕೆಲವು ತಂಡಗಳ ಗುಣಮಟ್ಟದ ಬಗೆಗೆ ಅದಕ್ಕೂ ಮುಂಚೆಯೇ ರಾಜ್ಯದ ಪ್ರಯೋಗಾಲಯವು ಆಕ್ಷೇಪವೆತ್ತಿದ್ದು, ಕೇಂದ್ರದ ಪ್ರಯೋಗಾಲಯದ ಮತವು ಬೇರೆಯಾಗಿತ್ತೆಂಬ ಸಂಗತಿಯೂ ಆಗ ಹೊರಬಿದ್ದಿತು. ಔಷಧದ ಸ್ವಭಾವದಿಂದ ಬರುವ ಕೇಡು ಬೇರೆ, ತಯಾರಿಕೆಯ ಲೋಪದಿಂದ ಬರುವ ಕೇಡು ಬೇರೆ. ಅವುಗಳನ್ನು ಒಂದೇ ಎಂದು ತಿಳಿಯಬಾರದು. ಆದರೆ ಎರಡರಲ್ಲಿಯೂ ನೀತಿಯ ಪ್ರಶ್ನೆಯು ಒಂದೇ. ಎರಡು ಮತಗಳ ನಡುವೆ ಸಂಶಯವು ತೂಗಾಡುತ್ತಿರುವಾಗ ಅದರ ಲಾಭವು ಯಾರಿಗೆ ಸಲ್ಲಬೇಕು? ನ್ಯಾಯಾಲಯದಲ್ಲಿ ಸಂಶಯದ ಲಾಭವು ಆರೋಪಿಗೆ ಸಲ್ಲುವದು, ಅದು ಯೋಗ್ಯವೇ. ಯಾಕಂದರೆ ಅಲ್ಲಿ ದಂಡನೆಗೊಳಗಾಗುವವನು ಮನುಷ್ಯನು. ದವಾಖಾನೆಯಲ್ಲಿ ಆರೋಪಿಯು ಒಂದು ಬಾಟಲಿ, ಮಂಚದ ಮೇಲಿರುವವಳು ಬಾಣಂತಿ. ಇಲ್ಲಿ ಸಂಶಯದ ಲಾಭವು ಬಾಣಂತಿಗೇ ಸಲ್ಲಬೇಕು.

ಸಂಶಯವನ್ನು ಮರ್ಯಾದೆಯಿಂದ ಹೇಳುವದಕ್ಕೆ ಈಗ ದಾರಿಯೂ ಇದೆ. ಜಾಗತಿಕ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಔಷಧವೀಕ್ಷಣೆಯ ಕಾರ್ಯವು 1968ರಲ್ಲಿ ಆರಂಭವಾಗಿ, 1978ರಿಂದ ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿ ಅದರ ಕೇಂದ್ರವಿದೆ. ಭಾರತದಲ್ಲಿ ಔಷಧಜಾಗರೂಕತೆಯ ರಾಷ್ಟ್ರೀಯ ಕಾರ್ಯಕ್ರಮವು 2010ರ ಜುಲೈದಲ್ಲಿ ಮೊದಲಾಯಿತು. 2011ರ ಏಪ್ರಿಲದಿಂದ ಗಾಜಿಯಾಬಾದದಲ್ಲಿರುವ ಭಾರತೀಯ ಔಷಧಸಂಹಿತಾ ಆಯೋಗವು ಅದನ್ನು ನಡೆಸುತ್ತಿದೆ. ವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ತೆರೆದ ಕೇಂದ್ರಗಳು ವರದಿಗಳನ್ನು ಕೂಡಿಸಿ, ಕಾರಣಸಂಬಂಧವನ್ನು ತೂಗಿ, ಗಾಜಿಯಾಬಾದಕ್ಕೆ ಕಳಿಸುವವು. ಅಲ್ಲಿಂದ ಅವು ಉಪ್ಸಾಲಾದ ಭಂಡಾರವನ್ನು ಸೇರುವವು. ಆ ಭಂಡಾರದಲ್ಲಿ ಈಗ ಮೂರು ಕೋಟಿಗೂ ಮಿಕ್ಕಿದ ವರದಿಗಳಿವೆ. ವರದಿಗೆ ಬೇಕಾದ ಮುಖ್ಯ ಸಂಗತಿಗಳು ನಾಲ್ಕೇ: ರೋಗಿಯ ಗುರುತು, ಆದ ಕೇಡು, ಸಂಶಯಕ್ಕೊಳಗಾದ ಔಷಧ, ಬರೆದವರು ಯಾರೆಂಬದು. ರೋಗಿಯ ಹೆಸರು ಗುಪ್ತವಾಗಿರುವದು. ವರದಿಯನ್ನು ಬರೆದದ್ದರಿಂದ ವೈದ್ಯನೇ ಆಗಲಿ, ತಯಾರಕನೇ ಆಗಲಿ ತಪ್ಪನ್ನೊಪ್ಪಿಕೊಂಡಂತೆ ಅಲ್ಲವೆಂದು ಅರ್ಜಿಯ ಮೇಲೆಯೇ ಮುದ್ರಿಸಿದೆ. ಇನ್ಮನ್ನರು ಎಣಿಸಿದ ಭಯಕ್ಕೂ ಸಂಕೋಚಕ್ಕೂ ಇದೇ ಪರಿಹಾರ. ರೋಗಿಯು ತಾನೂ ವರದಿಯನ್ನು ಕೊಡಬಹುದು. 1800-180-3024 ಎಂಬ ದೂರವಾಣಿಗೆ ಹಣವಿಲ್ಲದೆ ಮಾತಾಡಿ ತಿಳಿಸಬಹುದು.

ಗೋಲಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ಒಂದು ಬದಿಗೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಬದಿಗೆ ಕಿವಿಯಿಟ್ಟವನಿಗೆ ಅದು ಕೇಳಿಸುವದೆಂಬದು ವಿಜಯಪುರದ ಮಕ್ಕಳಿಗೂ ಗೊತ್ತಿದೆ. ಗುಂಪುಗೂಡಿ ಕಿರಿಚಿದರೆ ಅಲ್ಲಿ ಗದ್ದಲದ ಹೊರತು ಏನೂ ತಿಳಿಯದು. ಔಷಧದ ಸಂಶಯಕ್ಕೂ ಇದೇ ನ್ಯಾಯ. 2023ರ ನವೆಂಬರ ಕೊನೆಯಲ್ಲಿ ಔಷಧಸಂಹಿತಾ ಆಯೋಗವು ಮೆಫೆನಾಮಿಕ್ ಆಮ್ಲದ ಗುಳಿಗೆಯನ್ನು ಕುರಿತು ಒಂದು ಎಚ್ಚರಿಕೆಯನ್ನು ಹೊರಡಿಸಿತು. ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವಿಗೆ ಮನೆಮನೆಯಲ್ಲಿ ನುಂಗುವ ಗುಳಿಗೆಯದು. ಅದರಿಂದ ಅಪರೂಪವಾಗಿ ಜ್ವರ, ಮೈಮೇಲೆ ಗಂಧೆ, ಗಂಟುಗಳ ಬಾವು, ಒಳಗಿನ ಅಂಗಗಳ ವಿಕಾರ ಇವುಗಳಿಂದ ಕೂಡಿದ ಉಗ್ರವಾದ ಬೇನೆಯು ಬರಬಹುದೆಂದು ಆ ಎಚ್ಚರಿಕೆಯ ತಾತ್ಪರ್ಯ. ಗುಳಿಗೆಯನ್ನು ನಿಷೇಧಿಸಲಿಲ್ಲ, ನೋಡಿಕೊಂಡು ನುಂಗಿರೆಂದು ಹೇಳಿದರು. ದೇಶದ ಬೇರೆ ಬೇರೆ ದವಾಖಾನೆಗಳಲ್ಲಿ ಯಾರೋ ಮೆಲ್ಲಗೆ ಬರೆದ ಮಾತುಗಳು ಕೂಡಿ ಎಚ್ಚರಿಕೆಯಾದವು.

ಶ್ರದ್ಧೆಯು ಕೆಡುವದೆಂಬ ಎರಡನೆಯ ಆಕ್ಷೇಪವು ಉಳಿಯಿತು. ತಿಕೋಟಾದ ಒಬ್ಬ ತೋಟಗಾರನು ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್ ಎಂಬ ಗುಳಿಗೆಯನ್ನು ನುಂಗುತ್ತಿದ್ದಾನೆಂದು ಭಾವಿಸಬಹುದು. ಅದರಿಂದ ಕೆಲವರಿಗೆ ಒಣ ಕೆಮ್ಮು ಹತ್ತುವದೆಂಬದು ವೈದ್ಯರೆಲ್ಲರಿಗೂ ತಿಳಿದದ್ದೇ. ಆತನು ತೋಟದ ಧೂಳೆಂದು ಬಗೆದು ತಿಂಗಳುಗಟ್ಟಲೆ ಕೆಮ್ಮಿನ ಔಷಧವನ್ನು ಕುಡಿದನು. ಕಡೆಗೆ ಗುಳಿಗೆಯದೇ ದೋಷವೆಂದು ಯಾರಿಂದಲೋ ಕೇಳಿ, ವೈದ್ಯರಿಗೆ ಹೇಳದೆ ಅದನ್ನು ಬಿಟ್ಟುಬಿಟ್ಟನು. ಕೆಮ್ಮು ಹೋಯಿತು, ಒತ್ತಡವು ಏರಿ ಪಾರ್ಶ್ವವಾಯುವು ಬಡಿಯಿತು. ಇಲ್ಲಿ ಶ್ರದ್ಧೆಯನ್ನು ಕೆಡಿಸಿದ್ದು ದೋಷವನ್ನು ಹೇಳಿದ್ದಲ್ಲ, ಹೇಳಬೇಕಾದವರು ಮೊದಲೇ ಹೇಳದಿದ್ದದ್ದು. ‘ಇದರಿಂದ ಕೆಮ್ಮು ಬರಬಹುದು, ಬಂದರೆ ನಿಲ್ಲಿಸುವ ಮುಂಚೆ ಬಂದು ಕಾಣು, ಬೇರೆ ಗುಳಿಗೆಯಿದೆ’ ಎಂದು ಗುಳಿಗೆಯನ್ನು ಕೊಡುವಾಗಲೇ ಎರಡು ಮಾತು ಹೇಳಿದ್ದರೆ ಆತನಿಗೆ ಔಷಧದಲ್ಲಿಯೂ ವೈದ್ಯರಲ್ಲಿಯೂ ಶ್ರದ್ಧೆಯು ಹೆಚ್ಚುತ್ತಿತ್ತು. ಕೇಡನ್ನು ಮರೆಮಾಡಿ ಉಳಿಸಿಕೊಂಡ ಶ್ರದ್ಧೆಯು ಸಾಲದ ಹಣದಂತೆ, ಒಂದು ದಿನ ಬಡ್ಡಿಸಹಿತ ಹೋಗುವದು.

ಗೃಹಸ್ಥರ ಪಾಲಿಗೂ ಇದರಲ್ಲಿ ಕರ್ತವ್ಯವುಂಟು. ನುಂಗುವ ಗುಳಿಗೆಗಳ ಚೀಟಿಯನ್ನು ಕಾಯ್ದಿಡುವದು, ಹಿಂದೆ ಯಾವ ಔಷಧದಿಂದ ಕೇಡಾಗಿತ್ತೆಂಬದನ್ನು ಬರೆದಿಟ್ಟುಕೊಂಡು ಹೊಸ ವೈದ್ಯರಿಗೆ ತೋರಿಸುವದು, ಹೊಸ ಗುಳಿಗೆಯ ತರುವಾಯ ಹೊಸ ಬೇನೆಯು ಕಂಡರೆ ದೇವಿಯೆಂದಾಗಲಿ ಧೂಳೆಂದಾಗಲಿ ತಾನೇ ನಿರ್ಣಯಿಸದೆ ತಡವಿಲ್ಲದೆ ವೈದ್ಯರಿಗೆ ತಿಳಿಸುವದು, ತನಗೆ ಹಿತವಾದ ಗುಳಿಗೆಯನ್ನು ನೆರೆಯವರಿಗೆ ಹಂಚದಿರುವದು. ಇವು ಸಣ್ಣ ಕೆಲಸಗಳು. ಇವುಗಳನ್ನು ಮಾಡಿದವನು ತನ್ನ ಹಿತವನ್ನಷ್ಟೇ ಅಲ್ಲ, ಕಾಣದ ನೆರೆಯವನ ಹಿತವನ್ನೂ ಸಾಧಿಸಿದಂತಾಗುವದು.

ಒಟ್ಟಿನಲ್ಲಿ ನಿರ್ಣಯವು ಹೀಗೆ. ಔಷಧವು ಕೇಡು ಮಾಡಿದರೆ ಅದು ಯಾವಾಗಲೂ ಪಾಪವಲ್ಲ; ಮನುಷ್ಯನ ಜ್ಞಾನವು ಅಪೂರ್ಣವಾಗಿರುವ ತನಕ ಅಂಥ ಕೇಡು ಪೂರಾ ತಪ್ಪಲಾರದು. ಕಂಡ ಕೇಡನ್ನು ಕಾಣದಂತೆ ಇರುವದು ಪಾಪ. ಸಂಶಯವನ್ನು ಸಿದ್ಧಾಂತವೆಂದು ಸಾರುವದೂ ಪಾಪ. ಇವೆರಡರ ನಡುವಣ ಕಿರಿದಾದ ದಾರಿಯಲ್ಲಿ, ತಿಳಿದಷ್ಟನ್ನು ತಿಳಿದಂತೆ ಬರೆದು ಮುಂದಿನವರ ವಿಚಾರಕ್ಕೆ ಬಿಡುವವನೇ ಔಷಧಸುರಕ್ಷೆಯ ನಿಜವಾದ ಶೋಧಕ. ಬಬಲೇಶ್ವರದ ಆ ಹೆಣ್ಣುಮಗಳು ಒಂದು ದಿನವೂ ಗುಳಿಗೆಯನ್ನು ತಪ್ಪಿಸದೆ ತನ್ನ ಪಾಲಿನ ಧರ್ಮವನ್ನು ನಡೆಸಿದಳು. ಆಕೆಯ ಮೈಮೇಲೆ ಆದದ್ದನ್ನು ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆಯುವದು ಉಳಿದವರ ಪಾಲಿನ ಧರ್ಮ.